ಘೋಷಣೆಯಲ್ಲಿ ಕಳೆದುಹೋದ ‘ನಿತ್ಯೋತ್ಸವ’

ರಾಜ್ಯೋತ್ಸವ ಬಂತೆಂದರೆ ಶಿಕಾರಿಪುರ ತಾಲ್ಲೂಕಿನ ಅಂಬ್ಲಿಗೊಳದ ಕಡೆಯ ಶಾಲೆಯಿರಲಿ, ಬೆಂಗಳೂರಿನ ಕಚೇರಿಯಿರಲಿ, ಸ್ಪೀಕರಿನಲ್ಲಿ ‘ನಿತ್ಯೋತ್ಸವ’ ಮೊಳಗಲೇಬೇಕು. ಕೆ.ಎಸ್. ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿ 1978ರಲ್ಲಿ ಹೊರಬಂದ ಧ್ವನಿಸುರುಳಿಯ ಶೀರ್ಷಿಕೆಗೀತೆ ಅದು. ಸುಗಮ ಸಂಗೀತದ ಚರಿತ್ರೆಯಲ್ಲಿ ಅದರ ಸ್ಥಾನವನ್ನು ಯಾರೂ ಪ್ರಶ್ನಿಸುವುದಿಲ್ಲ. ಹಾಗೆಯೇ, ಅದನ್ನು ಯಾರೂ ಸರಿಯಾಗಿ ಓದಿದಂತೆಯೂ ಕಾಣುವುದಿಲ್ಲ.

ನಾಡಗೀತೆಯ ಪಕ್ಕದಲ್ಲಿಟ್ಟು ಕೇಳುವುದೇ ಮೊದಲ ತಪ್ಪು. ನಿಸಾರ್ ಭೂವಿಜ್ಞಾನದ ಮೇಷ್ಟ್ರು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದವರು. ಜೋಗದ ಬೆಳಕು, ತುಂಗೆಯ ದಡದ ತೆನೆ ಆದ ಮೇಲೆ ಅವರ ಕಣ್ಣು ಹೋಗುವುದು ಬೆಟ್ಟದೊಳಗಿನ ಅದಿರಿಗೆ. ನಾಡನ್ನು ಹೊಗಳಲು ಕೂತ ಎಷ್ಟು ಕವಿಗಳಿಗೆ ಅದಿರು ನೆನಪಾದೀತು? ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಅದಿರು ಸಾಗುತ್ತಿದ್ದ ಸೀಮೆಯಲ್ಲಿದ್ದವರಿಗೆ ಅದು ಅಲಂಕಾರವಲ್ಲ, ದಿನನಿತ್ಯದ ವಸ್ತು. ಎರಡನೇ ನುಡಿಯ ಶಾಸನ, ದೇಗುಲಗಳಿಗೂ ಇದೇ ಮಾತು. ಶಿಕಾರಿಪುರ ತಾಲ್ಲೂಕಿನವರು ಅವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ: ಕುಬ್ಜ ಕವಿಯ ಕಂಬಶಾಸನ ತಾಳಗುಂದದಲ್ಲಿದೆ, ಕೇದಾರೇಶ್ವರ ಬಳ್ಳಿಗಾವಿಯಲ್ಲಿದ್ದಾನೆ.

ಇನ್ನೂ ಸ್ವಾರಸ್ಯ ಇರುವುದು ವಾಕ್ಯರಚನೆಯಲ್ಲಿ. ಮೊದಲೆರಡು ನುಡಿಗಳಲ್ಲಿ ಪೂರ್ಣಕ್ರಿಯಾಪದವೇ ಇಲ್ಲ. ಒಂದರ ಮೇಲೊಂದು ಸಪ್ತಮಿ: ಇದರಲ್ಲಿ, ಅದರಲ್ಲಿ, ಮತ್ತೊಂದರಲ್ಲಿ. ಏನು ನಡೆಯುತ್ತಿದೆ ಎಂಬುದನ್ನು ಕವಿ ತಡೆದೇ ಇಡುತ್ತಾರೆ. ಪಲ್ಲವಿಯ ಆ ಒಂದು ಪದ ಬಂದಾಗಷ್ಟೇ ವಾಕ್ಯ ನೆಲೆ ಕಾಣುತ್ತದೆ. ಅನಂತಸ್ವಾಮಿಯವರ ಧಾಟಿ ಈ ಕಾಯುವಿಕೆಯನ್ನು ಅರಿತದ್ದು. ಸಾಲುಸಾಲಿಗೂ ಚಪ್ಪಾಳೆ ಬೇಡುವ ಸಮೂಹಗಾನ ಅದನ್ನು ಕೆಡಿಸುತ್ತದೆ. ಮೂರನೇ ನುಡಿ ಮಾತ್ರ ಸಪ್ಪೆ. ಅಲ್ಲಿ ಸಪ್ತಮಿ ಹೋಗಿ ಸಂಬೋಧನೆ ಬರುತ್ತದೆ, ಅದಿರು ಶಾಸನಗಳ ಜಾಗದಲ್ಲಿ ಹಿರಿಮೆ ಗರಿಮೆಗಳು ಕೂರುತ್ತವೆ. ಭಾಷಣಕಾರರು ಎತ್ತಿಕೊಳ್ಳುವುದು ಇದನ್ನೇ.

ಹಾಡಿದರೆ ಕವಿತೆ ಕೆಡುತ್ತದೆ ಎಂಬ ನವ್ಯರ ಹಳೆಯ ತಕರಾರು ಇಲ್ಲಿ ನಿಲ್ಲುವುದಿಲ್ಲ. ಪುಸ್ತಕ ವಿಮರ್ಶಕರು ಕ್ಯಾಸೆಟ್ಟನ್ನು ಸಂಗೀತದವರಿಗೆ ಬಿಟ್ಟರು. ಸಂಗೀತ ವಿಮರ್ಶಕರು ‘ಸುಗಮ’ವೆಂದು ಮೂಗು ಮುರಿದರು. ಉಳಿದ ಜಗಳವೆಲ್ಲ ಧಾಟಿ ಯಾರದು ಎಂಬಲ್ಲಿಗೆ ಬಂದು ನಿಂತಿತು. ನಾಡಗೀತೆಗೆ ಅನಂತಸ್ವಾಮಿಯವರದೋ ಗಾಯಕ ಸಿ. ಅಶ್ವತ್ಥರದೋ ಎಂಬ ವ್ಯಾಜ್ಯಕ್ಕೆ 2022ರಲ್ಲಿ ಸರ್ಕಾರವೇ ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಎಂದು ಆದೇಶ ಹೊರಡಿಸಬೇಕಾಯಿತು. ಧಾಟಿ ಪದಕ್ಕೆ ಏನು ಮಾಡುತ್ತದೆ ಎಂದು ಕೇಳಿದವರು ಕಡಿಮೆ.

ಹಿಪ್‌ಹಾಪ್‌ನವರು ಈ ವಿಷಯದಲ್ಲಿ ಜಾಣರು. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಡ್ಜ್ ವಸತಿಯನ್ನೇ ಹಾಡಾಗಿಸಿದ ರ್‍ಯಾಪರ್ ನಾಸ್‌ನ ಆಲ್ಬಮ್ ‘ಇಲ್‌ಮ್ಯಾಟಿಕ್’ 1994ರಲ್ಲಿ ಬಂತು. ಪ್ರಾಸ, ಉಸಿರು, ತಾಳ ಒಂದೊಂದನ್ನೂ ಬಿಡಿಸಿ ಅಲ್ಲಿ ಪುಸ್ತಕಗಳೇ ಬಂದಿವೆ. ನಮ್ಮಲ್ಲಿ ಕ್ಯಾಸೆಟ್ ಎಂದರೆ ಇನ್ನೂ ನೆನಪಿನ ಸಾಮಗ್ರಿ.

ಇದೇ ಜೋಡಿಯ ‘ಕುರಿಗಳು ಸಾರ್ ಕುರಿಗಳು’ ಆಡುಮಾತಿನ ಲಯದಲ್ಲೂ ವ್ಯಂಗ್ಯದಲ್ಲೂ ರ್‍ಯಾಪ್‌ಗೆ ಇನ್ನೂ ಹತ್ತಿರ. ‘ನಿತ್ಯೋತ್ಸವ’ಕ್ಕಿಂತ ಒಂದು ಕೈ ಮೇಲು ಎಂದರೂ ಸರಿಯೇ. ರಾಜ್ಯೋತ್ಸವ ಸಮಿತಿಗಳು ಅದನ್ನು ಹಾಡಿಸುವುದು ಅಪರೂಪ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಯಾರು ಕೂತಿರುತ್ತಾರೆಂದು ಅವಕ್ಕೆ ಗೊತ್ತು.