ಹಾಸಿಗೆ ಖಜೂರಿಗೆ, ಸೀಟು ಯಾರಿಗೆ?

ಕಲಬುರಗಿ ಎಂಬ ಒಂದೇ ಊರಿನಲ್ಲಿ ವೈದ್ಯಕೀಯ ಶಿಕ್ಷಣದ ನಾಲ್ಕು ಮಾದರಿಗಳಿವೆ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1963ರಲ್ಲಿ ಕಟ್ಟಿದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಒಂದು ಕಡೆ. ಬಂದೇನವಾಜ ದರ್ಗಾದ ಪರಂಪರೆಯಿಂದ ಬೆಳೆದು 2000ದಲ್ಲಿ ಶುರುವಾದ, ಈಗ ಖಾಸಗಿ ವಿಶ್ವವಿದ್ಯಾಲಯವೊಂದರ ಭಾಗವಾಗಿರುವ ಕೆಬಿಎನ್ ವೈದ್ಯಕೀಯ ಸಂಸ್ಥೆ ಇನ್ನೊಂದು ಕಡೆ. 2013ರ ಸುಮಾರಿಗೆ ಬಂದ ಸರ್ಕಾರದ ಜಿಮ್ಸ್, ಕಾರ್ಮಿಕರ ವಿಮಾ ನಿಗಮದ ಇಎಸ್‌ಐಸಿ ಕಾಲೇಜು ಉಳಿದೆರಡು. ಭೀಮಾ ನದಿ ದಾಟಿ ವಿಜಯಪುರಕ್ಕೆ ಹೋದರೆ ಐದನೆಯ ಮಾದರಿ ಸಿಗುತ್ತದೆ. 1986ರಲ್ಲಿ ಕಾಲೇಜಾಗಿ ಆರಂಭಗೊಂಡು 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಬಿಎಲ್‌ಡಿಇ ಅದು. ಆಳಂದದಿಂದ ಉಮರ್ಗಾ ಕಡೆ ಹೋಗುವ ರಸ್ತೆಯಲ್ಲಿರುವ ಖಜೂರಿಯ ರೋಗಿಗೆ ಇವುಗಳ ನಡುವೆ ದೊಡ್ಡ ಫರಕು ಕಾಣುವುದಿಲ್ಲ. ಎಲ್ಲಿ ಹಾಸಿಗೆ ಸಿಗುತ್ತದೆ, ಎಲ್ಲಿ ಆಯುಷ್ಮಾನ್ ಕಾರ್ಡು ನಡೆಯುತ್ತದೆ ಎಂಬುದಷ್ಟೇ ಅವರಿಗೆ ಮುಖ್ಯ. ಫರಕು ಕಾಣುವುದು ಓದಲು ಬರುವವರಿಗೆ. ಕಾಲೇಜು ವಿಶ್ವವಿದ್ಯಾಲಯವಾದಾಗ ಬದಲಾಗುವುದು ಹೆಬ್ಬಾಗಿಲಿನ ಬೋರ್ಡು ಮಾತ್ರವಲ್ಲ. ಯಾರು ಓದಬಹುದು, ಎಷ್ಟು ಕೊಟ್ಟು ಓದಬೇಕು, ಓದಿದ್ದು ಸಾಕೇ ಎಂದು ಯಾರು ಹೇಳಬೇಕು ಎಂಬ ಮೂರೂ ಬದಲಾಗುತ್ತವೆ. ಈ ಬದಲಾವಣೆಯನ್ನು ನಾವು ಸಾಮಾನ್ಯವಾಗಿ ಫೀಸಿನಿಂದಲೋ ರ‍್ಯಾಂಕಿಂಗ್‌ನಿಂದಲೋ ಅಳೆಯುತ್ತೇವೆ. ಅಳೆಯಬೇಕಾದದ್ದು ರೋಗಿಯಿಂದ ಎಂಬುದು ನನ್ನ ವಾದ.

ವೈದ್ಯಕೀಯವು ಕಟ್ಟಡ, ಪುಸ್ತಕ, ಉಪನ್ಯಾಸಗಳಿಂದ ಅರ್ಧ ಮಾತ್ರ ಕಲಿಯುವ ವಿದ್ಯೆ. ಉಳಿದರ್ಧ ಜನರಲ್ ವಾರ್ಡಿನ ಹಾಸಿಗೆಯ ಮೇಲೆ ಮಲಗಿರುತ್ತದೆ. ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಯ ದಿನ ಯಾವುದೇ ಬೋಧನಾ ಆಸ್ಪತ್ರೆಗೆ ಹೋದರೂ ಇದು ಕಣ್ಣಿಗೆ ಬೀಳುತ್ತದೆ. ಗುಲ್ಮ ಊದಿಕೊಂಡವರು, ಹೃದಯದ ಕವಾಟ ಕಿರಿದಾದವರು, ಒಂದು ಪಕ್ಕ ಸ್ವಾಧೀನ ತಪ್ಪಿದವರು, ಹೀಗೆ ‘ಒಳ್ಳೆಯ ಕೇಸು’ ಎನಿಸಿಕೊಂಡವರನ್ನು ಮೊದಲೇ ಗೊತ್ತುಮಾಡಿ ಕರೆಸಿರುತ್ತಾರೆ, ಇಲ್ಲವೇ ಡಿಸ್ಚಾರ್ಜ್ ಮಾಡದೆ ಉಳಿಸಿಕೊಂಡಿರುತ್ತಾರೆ. ಊಟ ಕೊಡುತ್ತಾರೆ, ಕೈಗೆ ಸ್ವಲ್ಪ ರೊಕ್ಕವೂ ಸಿಗಬಹುದು. ಬೆಳಗಿನಿಂದ ಒಬ್ಬರಾದ ಮೇಲೊಬ್ಬರು ವಿದ್ಯಾರ್ಥಿಗಳು ಬಂದು ಅದೇ ಹೊಟ್ಟೆಯನ್ನು ಅದೇ ಜಾಗದಲ್ಲಿ ಒತ್ತುತ್ತಾರೆ. ಅದೇ ಪ್ರಶ್ನೆಗಳನ್ನು ಕೇಳುತ್ತಾರೆ: ಯಾವಾಗಿಂದ, ಊಟ ಮಾಡಿದ ಮೇಲೋ ಮೊದಲೋ, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ. ನಾಲ್ಕನೆಯ ವಿದ್ಯಾರ್ಥಿ ಬರುವಷ್ಟರಲ್ಲಿ ರೋಗಿಗೆ ಉತ್ತರಗಳು ಬಾಯಿಪಾಠವಾಗಿರುತ್ತವೆ. ಎಷ್ಟೋ ಸಲ ಹೆದರಿದ ಹುಡುಗನಿಗೆ ರೋಗಿಯೇ ಕಣ್ಸನ್ನೆಯಲ್ಲಿ ದಾರಿ ತೋರಿಸುವುದೂ ಉಂಟು. ಪದವಿಗೆ ಸಹಿ ಹಾಕುವವರು ಕುಲಪತಿ, ಆದರೆ ವೈದ್ಯರ ಕೈ ಪಳಗುವುದು ಇಂಥ ಮೈಗಳ ಮೇಲೆ. ಈ ಮೈಗಳು ಬರುವುದು ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲೂಕುಗಳಿಂದ. ಉಳ್ಳವರು ಸೊಲ್ಲಾಪುರ, ಹೈದರಾಬಾದಿನ ಕಾರ್ಪೊರೇಟ್ ಆಸ್ಪತ್ರೆಗಳಿಗೆ ಹೋಗುತ್ತಾರೆ. ಅಲ್ಲಿ ಅವರ ಹೊಟ್ಟೆಯನ್ನು ಇಪ್ಪತ್ತು ಜನ ಒತ್ತುವುದಿಲ್ಲ.

ಇದರಲ್ಲಿ ಅನ್ಯಾಯವೇನೂ ಇಲ್ಲ ಎನ್ನಬಹುದು. ರೋಗಿಗೆ ಚಿಕಿತ್ಸೆ, ವಿದ್ಯಾರ್ಥಿಗೆ ಪಾಠ, ಕೊಡು-ಕೊಳ್ಳುವಿಕೆ ಸರಿಹೋಯಿತು. ಸರ್ಕಾರಿ ಕಾಲೇಜಿನ ಮಟ್ಟಿಗೆ ಈ ಮಾತನ್ನು ಬಹುಪಾಲು ಒಪ್ಪುತ್ತೇನೆ, ಯಾಕೆಂದರೆ ಅಲ್ಲಿ ಅದೇ ರೋಗಿಯ ಮಗಳು ಓದುವ ಸಾಧ್ಯತೆ ನಿಜವಾಗಿಯೂ ಇದೆ. ಖಾಸಗಿ ಆರೋಗ್ಯ ವಿಶ್ವವಿದ್ಯಾಲಯದಲ್ಲಿ ಆ ಸಾಧ್ಯತೆ ಎಷ್ಟು ಎಂದು ಈ ಭಾಗದ ಬೆಳೆಯಾದ ತೊಗರಿಯ ಲೆಕ್ಕದಲ್ಲೇ ನೋಡೋಣ. ರಾಜ್ಯದ ಹಲವು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಎಂಬಿಬಿಎಸ್ ಬೋಧನಾ ಶುಲ್ಕ ವರ್ಷಕ್ಕೆ 20 ಲಕ್ಷ ರೂಪಾಯಿಯ ಆಚೀಚೆ. 2025-26ರ ಹಂಗಾಮಿಗೆ ಕೇಂದ್ರ ಘೋಷಿಸಿದ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಅಂದರೆ ಒಂದು ವರ್ಷದ ಶುಲ್ಕಕ್ಕೆ 250 ಕ್ವಿಂಟಲ್ ತೊಗರಿ ಬೇಕು. ಮಳೆಯಾಶ್ರಿತ ಎರೆಭೂಮಿಯಲ್ಲಿ ಎಕರೆಗೆ ಐದು ಕ್ವಿಂಟಲ್ ಬಂತೆಂದರೆ ಒಳ್ಳೆಯ ವರ್ಷ. ಬೀಜ, ಗೊಬ್ಬರ, ಆಳಿನ ಖರ್ಚು ಒಂದು ರೂಪಾಯಿಯನ್ನೂ ಕಳೆಯದೆ 50 ಎಕರೆಯ ಇಡೀ ಬೆಳೆ ಒಂದು ವರ್ಷದ ಫೀಸಿಗೆ ಹೋಯಿತು. ಓದು ನಾಲ್ಕೂವರೆ ವರ್ಷ. ಹಾಸ್ಟೆಲ್ ಬೇರೆ. 2019ರಲ್ಲಿ ಭೌಗೋಳಿಕ ಸೂಚಿಯ ಗೌರವ ಪಡೆದ ಕಲಬುರಗಿ ತೊಗರಿಯಿಂದ ಒಬ್ಬ ಡಾಕ್ಟರನ್ನು ಬೆಳೆಯುವುದು ಖಜೂರಿ ಹೋಬಳಿಯ ಯಾವ ಸಾಮಾನ್ಯ ರೈತರಿಗೂ ಆಗದ ಮಾತು.

‘ನೀಟ್ ಬಂದ ಮೇಲೆ ಎಲ್ಲರೂ ಪ್ರತಿಭೆಯಿಂದಲೇ ಬರುತ್ತಾರಲ್ಲ’ ಎಂಬುದು ಮೊದಲ ಆಕ್ಷೇಪ. ನೀಟ್ ಹಳೆಯ ಕತ್ತಲೆ ವ್ಯಾಪಾರಕ್ಕೆ ಸಾಕಷ್ಟು ಕಡಿವಾಣ ಹಾಕಿದ್ದು ನಿಜ. ಸೀಟಿಗಾಗಿ ಪಡೆಯುವ ಕ್ಯಾಪಿಟೇಶನ್ ವಂತಿಗೆಯ ಹಾವಳಿಗೆ ಕರ್ನಾಟಕ 1984ರಲ್ಲೇ ನಿಷೇಧ ಕಾಯ್ದೆ ತಂದಿತ್ತು, ಆದರೂ ನಿಂತಿರಲಿಲ್ಲ. ಆದರೆ ನೀಟ್ ಕೊಡುವುದು ಎರಡು ಬೇರೆ ಬೇರೆ ಸಂಗತಿ: ಅರ್ಹತೆ ಮತ್ತು ರ‍್ಯಾಂಕು. 2024ರಲ್ಲಿ ಅರ್ಹರಾದವರು 13 ಲಕ್ಷಕ್ಕೂ ಹೆಚ್ಚು. ದೇಶದ ಎಂಬಿಬಿಎಸ್ ಸೀಟುಗಳು ಆಗ ಸುಮಾರು 1.1 ಲಕ್ಷ. ಸರ್ಕಾರಿ ಸೀಟುಗಳು ರ‍್ಯಾಂಕಿನಿಂದ ತುಂಬುತ್ತವೆ. ದುಬಾರಿ ಸೀಟುಗಳಲ್ಲಿ ಮುಂದಿನ ರ‍್ಯಾಂಕಿನವರು ಶುಲ್ಕ ನೋಡಿ ಕೈಬಿಡುತ್ತಾರೆ, ಪಟ್ಟಿ ಕೆಳಗೆ ಕೆಳಗೆ ಇಳಿಯುತ್ತದೆ, ಎಲ್ಲಿ ಹಣ ಸಿಕ್ಕಿತೋ ಅಲ್ಲಿ ನಿಲ್ಲುತ್ತದೆ. ಕಾನೂನಿಗೆ ಇದರಲ್ಲಿ ಕುಂದಿಲ್ಲ. ಸೀಟು ಪಡೆದವರು ಅನರ್ಹರೆಂದೂ ಹೇಳಲಾಗದು. ಅವರಿಗಿಂತ ಹೆಚ್ಚು ಅಂಕದ ಹತ್ತಾರು ಸಾವಿರ ಮಂದಿ ಹೊರಗುಳಿದರು ಎಂಬುದಷ್ಟೇ ಸತ್ಯ. ಸ್ನಾತಕೋತ್ತರದಲ್ಲಂತೂ 2023ರಲ್ಲಿ ಅರ್ಹತೆಯ ಪರ್ಸೆಂಟೈಲ್ ಅನ್ನೇ ಸೊನ್ನೆಗೆ ಇಳಿಸಿ ಸೀಟು ತುಂಬಿಸಲಾಯಿತು. ಸೊನ್ನೆ ಎಂಬುದು ಅರ್ಹತೆಯಾದಾಗ ಪ್ರತಿಭೆಯ ಮಾತು ಎತ್ತುವುದಕ್ಕೆ ಧೈರ್ಯ ಬೇಕು.

ಶುಲ್ಕದ ವಿಚಾರದಲ್ಲಿ ಕೋರ್ಟಿನ ದಾರಿ ನೋಡಿದರೆ ಅದು ಕರ್ನಾಟಕದಲ್ಲೇ ಸುತ್ತುತ್ತದೆ. 1992ರ ಮೋಹಿನಿ ಜೈನ್ ಪ್ರಕರಣದ ಮೂಲ ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂಬ ಶುಲ್ಕವನ್ನು ಅಲ್ಲಿ ಪ್ರಶ್ನಿಸಲಾಗಿತ್ತು. ಸುಪ್ರೀಂ ಕೋರ್ಟ್ ಅದನ್ನು ಕ್ಯಾಪಿಟೇಶನ್ ಎಂದೇ ಕರೆಯಿತು. ಹತ್ತು ವರ್ಷಗಳ ನಂತರ, 2002ರಲ್ಲಿ, ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ಸಂಸ್ಥೆಗಳಿಗೆ ಶುಲ್ಕ ನಿಗದಿಯ ಸ್ವಾತಂತ್ರ್ಯ ಕೊಟ್ಟಿತು, ಲಾಭಕೋರತನ ಕೂಡದು ಎಂಬ ಷರತ್ತಿನೊಂದಿಗೆ. ಷರತ್ತನ್ನು ಕಾಯುವ ಕೆಲಸ ಇಂದಿಗೂ ಸರಿಯಾಗಿ ನಡೆದಿಲ್ಲ. 2022ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಖಾಸಗಿ ಕಾಲೇಜು ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಅರ್ಧದಷ್ಟು ಸೀಟುಗಳ ಶುಲ್ಕ ಆಯಾ ರಾಜ್ಯದ ಸರ್ಕಾರಿ ಕಾಲೇಜಿನ ಮಟ್ಟದಲ್ಲಿರಬೇಕು ಎಂದು ಮಾರ್ಗಸೂಚಿ ಹೊರಡಿಸಿತು. ನಮ್ಮಲ್ಲಿ ಅದು ಕಾಗದ ದಾಟಿ ಬಂದಿಲ್ಲ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಸರ್ಕಾರ ಕೈಕಟ್ಟಿ ಕೂತಿದ್ದಾಗ ಈ ಭಾಗಕ್ಕೆ ಡಾಕ್ಟರುಗಳನ್ನು ಕೊಟ್ಟವರು ಖಾಸಗಿಯವರೇ. ಕಲಬುರಗಿಗೆ ಖಾಸಗಿ ಕಾಲೇಜು ಬಂದ ಅರ್ಧ ಶತಮಾನದ ಮೇಲೆ ಸರ್ಕಾರಿ ಕಾಲೇಜು ಬಂತು. ಶ್ರೀಮಂತರ ಫೀಸಿನಿಂದಲೇ ಬಡವರ ಹಾಸಿಗೆ ನಡೆಯುತ್ತದೆ, ಹಾಕಿದವರ ದುಡ್ಡು, ಅವರ ಹಕ್ಕು ಎಂಬ ವಾದ. ಮೊದಲ ಮಾತನ್ನು ಅಲ್ಲಗಳೆಯುವವರು ಚರಿತ್ರೆ ಓದಿಲ್ಲ. ಕೊನೆಯ ಮಾತು ಮಾತ್ರ ಹಾಗೆ ಸುಲಭವಾಗಿ ಹೊಂದುವುದಿಲ್ಲ. ಬಿಎಲ್‌ಡಿಇ 1910ರಷ್ಟು ಹಿಂದೆ ಫ.ಗು. ಹಳಕಟ್ಟಿಯಂಥವರ ಓಡಾಟದಿಂದ, ಊರೂರಿನ ಕಾಣಿಕೆಯಿಂದ ಎದ್ದ ಸಂಸ್ಥೆ. ಬೆಳಗಾವಿಯ ಕೆಎಲ್‌ಇ 1916ರಲ್ಲಿ ಏಳು ಜನ ಮೇಷ್ಟ್ರುಗಳ ತ್ಯಾಗದಿಂದ ಶುರುವಾದದ್ದು. ಕಲಬುರಗಿಯ ಸಂಸ್ಥೆಗಳ ಬೆನ್ನಿಗೆ ದರ್ಗಾ, ದಾಸೋಹ ಮಠಗಳ ಮೇಲಿನ ಜನರ ನಂಬಿಕೆ ಇದೆ. ಇವು ಕಂಪನಿಗಳಲ್ಲ, ಸಾರ್ವಜನಿಕ ವಿಶ್ವಾಸದ ಮೇಲೆ ನಿಂತ ಟ್ರಸ್ಟು, ಸೊಸೈಟಿಗಳು. ಇನ್ನು ಬಡವರ ಹಾಸಿಗೆ ಬರಿಯ ಔದಾರ್ಯವಲ್ಲ. ಸೀಟಿಗೆ ತಕ್ಕಷ್ಟು ಹಾಸಿಗೆ, ಹಾಸಿಗೆಗೆ ತಕ್ಕಷ್ಟು ರೋಗಿಗಳು ಇರಲೇಬೇಕು ಎಂಬುದು ಆಯೋಗದ ಮಾನದಂಡ. ರೋಗಿ ಬರದಿದ್ದರೆ ಕಾಲೇಜಿನ ಮಾನ್ಯತೆಗೇ ಕುತ್ತು. ಆಯುಷ್ಮಾನ್ ಕಾರ್ಡಿನಲ್ಲಿ ಆದ ಶಸ್ತ್ರಚಿಕಿತ್ಸೆಗೆ ಸರ್ಕಾರ ಹಣ ಕಟ್ಟುತ್ತದೆ. 2025ರ ಜೂನ್ ಕೊನೆಯಲ್ಲಿ ಸಿಬಿಐ ದಾಖಲಿಸಿದ ಪ್ರಕರಣದಲ್ಲಿ, ತಪಾಸಣೆಯ ದಿನಕ್ಕೆ ನಕಲಿ ರೋಗಿಗಳನ್ನೂ ಹೆಸರಿಗಷ್ಟೇ ಇರುವ ಅಧ್ಯಾಪಕರನ್ನೂ ತೋರಿಸಿ ಲಂಚ ಕೊಟ್ಟು ಅನುಮತಿ ಪಡೆದರೆಂಬ ಆರೋಪ ದೇಶದ ಹಲವು ಖಾಸಗಿ ಕಾಲೇಜುಗಳ ಮೇಲಿದೆ. ಆರೋಪ ಸಾಬೀತಾಗಬೇಕಷ್ಟೆ. ಆದರೂ ಹಾಸಿಗೆಯ ಮೇಲಿನ ಬಡ ರೋಗಿ ಸಂಸ್ಥೆಗೆ ಎಷ್ಟು ಬೆಲೆಬಾಳುತ್ತಾರೆ ಎಂಬುದು ಅದರಿಂದ ಗೊತ್ತಾಗುತ್ತದೆ. ಫೀಸಿನಿಂದ ಹಾಸಿಗೆ ನಡೆಯುವುದು ಎಷ್ಟು ನಿಜವೋ, ಹಾಸಿಗೆಯಿಂದ ಫೀಸು ಹುಟ್ಟುವುದೂ ಅಷ್ಟೇ ನಿಜ.

ಓದಿದ್ದು ಸಾಕೇ ಎಂದು ಯಾರು ಹೇಳಬೇಕು ಎಂಬ ಪ್ರಶ್ನೆಗೆ ಬರೋಣ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಆರಂಭವಾದಾಗಿನಿಂದ ಅದರ ಸಂಯೋಜಿತ ಕಾಲೇಜಿನಲ್ಲಿ ಪಾಠ ಹೇಳುವವರು ಒಬ್ಬರು, ಪ್ರಶ್ನೆಪತ್ರಿಕೆ ಹೊರಡಿಸಿ ಫಲಿತಾಂಶ ಕೊಡುವವರು ಇನ್ನೊಬ್ಬರು. ಆ ವ್ಯವಸ್ಥೆಯ ವಿಳಂಬ, ಜಡತೆ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಆದರೂ ದೂರ ಎಂಬುದೊಂದಿತ್ತು. ಸಂಸ್ಥೆಯೇ ವಿಶ್ವವಿದ್ಯಾಲಯವಾದಾಗ ಶುಲ್ಕ ಪಡೆಯುವ, ಪಾಠ ಹೇಳುವ, ಪರೀಕ್ಷಿಸುವ, ಪದವಿ ಕೊಡುವ ಕೈ ಒಂದೇ ಆಗುತ್ತದೆ. ಹೊರಗಿನ ಪರೀಕ್ಷಕರು ಬರಲೇಬೇಕೆಂಬ ನಿಯಮವಿದೆ ಎನ್ನುತ್ತಾರೆ. ಇದೆ. ಅವರನ್ನು ಕರೆಸುವವರು, ಗೆಸ್ಟ್‌ಹೌಸ್ ಗೊತ್ತುಮಾಡುವವರು ಯಾರು ಎಂಬುದೂ ಎಲ್ಲರಿಗೂ ಗೊತ್ತಿದೆ. ಪಠ್ಯದಲ್ಲಿ ಹೊಸತನ ತರಲು ಸ್ವಾಯತ್ತತೆ ಬೇಕು ಎಂಬ ಸಮರ್ಥನೆಯೂ ಎಂಬಿಬಿಎಸ್ ಮಟ್ಟಿಗೆ ಸಡಿಲ, ಅಲ್ಲಿ ಪಠ್ಯಕ್ರಮವನ್ನು ವಿಧಿಸುವುದು ಆಯೋಗ. ಸಂಶೋಧನೆ, ಪಿಎಚ್‌ಡಿ, ಹೊಸ ಪ್ಯಾರಾಮೆಡಿಕಲ್ ಕೋರ್ಸುಗಳ ವಿಚಾರದಲ್ಲಿ ಸ್ವಾಯತ್ತತೆಯ ಲಾಭ ನಿಜವಾಗಿಯೂ ಕಂಡಿದೆ, ಮಣಿಪಾಲ, ಮೈಸೂರಿನ ಜೆಎಸ್‌ಎಸ್ ಅದಕ್ಕೆ ಉದಾಹರಣೆ. ಎಂಬಿಬಿಎಸ್‌ಗೆ ಮಾತ್ರ ಮದ್ದು 2019ರ ವೈದ್ಯಕೀಯ ಆಯೋಗದ ಕಾಯ್ದೆಯಲ್ಲೇ ಬರೆದಿದೆ: ಎಲ್ಲ ಕಾಲೇಜಿನವರೂ ಒಂದೇ ಬಾಗಿಲಿನಿಂದ ಹೊರಬರಬೇಕಾದ ರಾಷ್ಟ್ರೀಯ ನಿರ್ಗಮನ ಪರೀಕ್ಷೆ, ನೆಕ್ಸ್ಟ್. ಮೂರು ವರ್ಷದಲ್ಲಿ ನಡೆಸಬೇಕಿತ್ತು, ಮುಂದೂಡುತ್ತಲೇ ಬಂದಿದ್ದಾರೆ. ವಿದೇಶದಲ್ಲಿ ಓದಿ ಬಂದವರು ಪ್ರತ್ಯೇಕ ಪರೀಕ್ಷೆ ಪಾಸಾಗದೆ ಇಲ್ಲಿ ಒಂದು ಮಾತ್ರೆ ಬರೆಯುವಂತಿಲ್ಲ. ತನ್ನ ವಿದ್ಯಾರ್ಥಿಯನ್ನು ತಾನೇ ಪಾಸು ಮಾಡುವ ವಿಶ್ವವಿದ್ಯಾಲಯದ ಪದವಿಗೆ ಆ ಕಟ್ಟುಪಾಡಿಲ್ಲ.

ವಿದೇಶದ ಮಾತು ಬಂದಾಗ ಉಕ್ರೇನ್ ಯುದ್ಧದ 2022ನ್ನು ಮರೆಯಲಾಗದು. ಖಾರ್ಕಿವ್‌ನಲ್ಲಿ ಮಾರ್ಚ್ 1ರ ಶೆಲ್ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಪಿಯುಸಿಯಲ್ಲಿ 97 ಪ್ರತಿಶತ ಅಂಕ ಪಡೆದಿದ್ದರು. ಇಲ್ಲಿ ಸೀಟಿಗೆ ಕೋಟಿ ರೂಪಾಯಿ ಬೇಕಿತ್ತು ಎಂದು ಅವರ ತಂದೆ ಮಾಧ್ಯಮಗಳ ಮುಂದೆ ಹೇಳಿದರು. ಮೂರು ವಾರದ ಮೇಲೆ ಮೃತದೇಹ ಊರಿಗೆ ಬಂದಾಗ ಕುಟುಂಬ ಅದನ್ನು ದಾವಣಗೆರೆಯ ಖಾಸಗಿ ವೈದ್ಯಕೀಯ ಕಾಲೇಜೊಂದಕ್ಕೆ ವಿದ್ಯಾರ್ಥಿಗಳ ಅಧ್ಯಯನಕ್ಕಾಗಿ ದಾನ ಮಾಡಿತು. ಆ ಕಾಲೇಜಿನ ತಪ್ಪು ಇದರಲ್ಲಿ ಏನೂ ಇಲ್ಲ. ನಮ್ಮ ವೈದ್ಯಕೀಯ ಶಿಕ್ಷಣ ಯಾವ ರೂಪದಲ್ಲಿ ಬಡ, ಮಧ್ಯಮ ಮನೆಗಳ ಮಕ್ಕಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರವಾದ ಪುರಾವೆ ನನಗೆ ಬೇರೆ ಕಾಣದು.

ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಇದೆಯಲ್ಲ ಎಂಬುದು ಕೊನೆಯ ಆಕ್ಷೇಪ. ಇದೆ, ಮತ್ತು ಅದು ದೊಡ್ಡ ಕೆಲಸ ಮಾಡಿದೆ. 2012ರ ತಿದ್ದುಪಡಿಯ ನಂತರ ಈ ಭಾಗದ ಸಂಸ್ಥೆಗಳಲ್ಲಿ ಶೇ 70, ಉಳಿದ ಕರ್ನಾಟಕದಲ್ಲಿ ಶೇ 8 ಎಂಬ ಮೀಸಲಾತಿಯಿಂದ ಆಳಂದ, ಜೇವರ್ಗಿಯ ಎಷ್ಟೋ ಮನೆಗಳಲ್ಲಿ ಮೊದಲ ಡಾಕ್ಟರು ಹುಟ್ಟಿದರು. ಆದರೆ ಈ ಮೀಸಲಾತಿಯ ಕೈ ನಿಲುಕುವುದು ಸರ್ಕಾರ ಹಂಚುವ ಸೀಟುಗಳಿಗೆ. ಡೀಮ್ಡ್ ವಿಶ್ವವಿದ್ಯಾಲಯದ ಪ್ರವೇಶ ದೆಹಲಿಯಿಂದ ನಡೆಯುವ ಅಖಿಲ ಭಾರತ ಕೌನ್ಸೆಲಿಂಗ್‌ನಲ್ಲಿ, ಎನ್‌ಆರ್‌ಐ ಪಾಲು ಬೇರೆ. ಅಫಜಲಪುರದ ಪಶ್ಚಿಮದ ಹಳ್ಳಿಯ ರೋಗಿ ವಿಜಯಪುರದ ಹಾಸಿಗೆಗೆ ಹೋಗಲು ಯಾವ ಗಡಿಯೂ ಅಡ್ಡಬರದು, ಅದೇ ಹಳ್ಳಿಯ ವಿದ್ಯಾರ್ಥಿಗೆ ಮಾತ್ರ ಆ ಹಾಸಿಗೆಯ ಆಚೆ ನಿಲ್ಲುವಾಗ ಗಡಿ, ಕೋಟಾ, ಶುಲ್ಕ ಎಲ್ಲ ಎದುರಾಗುತ್ತವೆ. ಖಾಸಗಿ ಸಂಸ್ಥೆಗಳಲ್ಲೂ ಮೀಸಲಾತಿ ತರಲು ಸಂವಿಧಾನದ 15(5)ನೇ ವಿಧಿ 2005ರ ತಿದ್ದುಪಡಿಯಲ್ಲೇ ದಾರಿ ಮಾಡಿಕೊಟ್ಟಿದೆ. ಆ ದಾರಿಯಲ್ಲಿ ಸಂಸತ್ತು ಇನ್ನೂ ಹೆಜ್ಜೆ ಇಟ್ಟಿಲ್ಲ.

ಪದವಿ ಪಡೆದವರು ಒಂದು ವರ್ಷ ಹಳ್ಳಿಯಲ್ಲಿ ದುಡಿದು ಋಣ ತೀರಿಸುತ್ತಾರೆ ಎಂಬ ಸಮಾಧಾನವೂ ಈಗ ಉಳಿದಿಲ್ಲ. 2012ರ ಕಡ್ಡಾಯ ಸೇವೆಯ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದು, ಹುದ್ದೆ ಖಾಲಿ ಇದ್ದಷ್ಟಕ್ಕೆ ಮಾತ್ರ ಸೇವೆ ಎಂದು ಸಡಿಲಿಸಿದರು. ಪ್ರತಿ ವಿದ್ಯಾರ್ಥಿ ಕೆಲವು ಹಳ್ಳಿ ಕುಟುಂಬಗಳನ್ನು ದತ್ತು ತೆಗೆದುಕೊಳ್ಳುವ ಆಯೋಗದ ಕಾರ್ಯಕ್ರಮ ಒಳ್ಳೆಯದೇ, ಆದರೆ ಅಲ್ಲಿ ಕಲಿಯುವವರು ಯಾರು, ಕಲಿಸುವವರು ಯಾರು ಎಂದು ನೋಡಿದರೆ ಋಣ ಇನ್ನಷ್ಟು ಬೆಳೆಯುತ್ತದೆಯೇ ಹೊರತು ತೀರುವುದಿಲ್ಲ. ಋಣ ತೀರಿಸುವ ದಾರಿಯನ್ನು ಸೀಟು ಕೊಡುವಾಗಲೇ ಹುಡುಕಬೇಕು. ಖಾಸಗಿ ಆರೋಗ್ಯ ವಿಶ್ವವಿದ್ಯಾಲಯವೊಂದು 150 ಸೀಟನ್ನು 200 ಮಾಡಿಕೊಡಿ ಎಂದು ಅರ್ಜಿ ಹಾಕಿದಾಗ ಈಗ ಕೇಳುವ ಪ್ರಶ್ನೆಗಳು ಗೊತ್ತಿರುವಂಥವೇ: ಹಾಸಿಗೆ ಎಷ್ಟು, ಹೊರರೋಗಿಗಳೆಷ್ಟು, ಅಧ್ಯಾಪಕರೆಷ್ಟು, ಗ್ರಂಥಾಲಯದ ಚದರಡಿ ಎಷ್ಟು. ಆ ಅರ್ಜಿಯ ಜೊತೆ ಇನ್ನೂ ಎರಡು ಹಾಳೆ ಕೇಳಬೇಕು. ಕಳೆದ ಐದು ವರ್ಷಗಳಲ್ಲಿ ಒಳರೋಗಿಗಳು ಯಾವ ತಾಲೂಕುಗಳಿಂದ ಬಂದರು ಎಂಬುದು ಒಂದು, ವಿದ್ಯಾರ್ಥಿಗಳು ಯಾವ ತಾಲೂಕುಗಳಿಂದ ಬಂದರು ಎಂಬುದು ಇನ್ನೊಂದು. ಎರಡೂ ಮಾಹಿತಿ ಆಸ್ಪತ್ರೆಯ ಕಂಪ್ಯೂಟರಿನಲ್ಲಿ, ಪ್ರವೇಶ ಕಚೇರಿಯ ಕಡತದಲ್ಲಿ ಈಗಾಗಲೇ ಇದೆ. ಹೆಚ್ಚುವರಿ ಸೀಟುಗಳಲ್ಲಿ ಸರ್ಕಾರಿ ಶುಲ್ಕದ ಪಾಲು ಎಷ್ಟಿರಬೇಕು, ಅದು ಯಾವ ತಾಲೂಕಿಗೆ ಹೋಗಬೇಕು ಎಂಬುದನ್ನು ಆ ಎರಡು ಹಾಳೆಗಳ ನಡುವಿನ ಅಂತರ ನೋಡಿ ತೀರ್ಮಾನಿಸಿದರೆ ಸಾಕು, ಹೊಸ ಸಮಿತಿಯ ಅಗತ್ಯವೂ ಬೀಳದು.