ಉಳುಕು ‘ತೆಗೆಯುವ’ ಕೈ

ಕನ್ನಡದಲ್ಲಿ ಉಳುಕು, ತಮಿಳಿನಲ್ಲಿ ಸುಳುಕ್ಕು. ಎರಡು ಭಾಷೆಯಲ್ಲೂ ಅದನ್ನು ‘ತೆಗೆಯುತ್ತಾರೆ’, ಕಾಲಿಗೆ ಚುಚ್ಚಿದ ಮುಳ್ಳು ತೆಗೆದ ಹಾಗೆ. ಸೇಲಂ, ತಾರಮಂಗಲಂ ಸುತ್ತಿನಲ್ಲಿ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು ಆಡುವ ದೇವಾಂಗ ನೇಕಾರರಿಗೆ ಎರಡು ಪದವೂ ಗೊತ್ತು, ನೋವೂ ಗೊತ್ತು. ಕುಣಿಮಗ್ಗದಲ್ಲಿ ಕೂತರೆ ಕಾಲು ಗುಂಡಿಯೊಳಗೆ ತುಳಿಯುತ್ತಿರಬೇಕು, ಒಂದು ಕೈ ಲಾಳಿಯ ಹಗ್ಗ ಜಗ್ಗಬೇಕು, ಇನ್ನೊಂದು ಹಲಗೆ ಬಡಿಯಬೇಕು. ಒಂದು ರೇಷ್ಮೆ ಸೀರೆ ಮುಗಿಯುವಷ್ಟರಲ್ಲಿ ಈ ಜಗ್ಗಾಟ ಸಾವಿರಾರು ಸಲ. ಭುಜ, ಮೊಣಕೈ, ಸೊಂಟ ಹಿಡಿಯದೆ ಇನ್ನೇನು ಮಾಡೀತು? ಹಿಡಿದಾಗ ಎಣ್ಣೆ ಹಾಕಿ ನೀವಿಸಿಕೊಳ್ಳುವುದು ವಾಡಿಕೆ.

ಈ ನೀವುವಿಕೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರಲಾರೆ. (ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟದ ಹಿಡಿತ ಬಿಡುತ್ತದೆಂಬ ಮಾತನ್ನು ಬೇಕಾದರೆ ಅವರಿಗೇ ಬಿಟ್ಟುಕೊಡುತ್ತೇನೆ.) ಬಿಗಿದ ಸ್ನಾಯುವಿನ ಮೇಲೆ ಪಳಗಿದ ಹೆಬ್ಬೆರಳು ನಿಧಾನವಾಗಿ ಸರಿದರೆ ನೋವು ಇಳಿಯುವುದು ನಿಜ. 2012ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 11 ಯುವಕರಿಂದ ಸುಸ್ತಾಗುವವರೆಗೆ ಸೈಕಲ್ ತುಳಿಸಿ, ಒಂದೇ ಕಾಲಿಗೆ ಮಸಾಜ್ ಮಾಡಿ, ಎರಡೂ ಕಾಲಿನಿಂದ ಸ್ನಾಯುವಿನ ಚೂರು ತೆಗೆದು ನೋಡಿದರು. ನೀವಿದ ಕಾಲಿನಲ್ಲಿ ಉರಿಯೂತದ ಸೂಚನೆಗಳು ಕಡಿಮೆಯಿದ್ದವು. ಹನ್ನೊಂದೇ ಜನ, ಒಂದು ದಿನದ ದಣಿವು, ಬೆಲೆಯೂ ಅಷ್ಟೇ.

ನನ್ನ ತಕರಾರು ಇರುವುದು ‘ನರ ಜಾರಿದೆ, ಎಳೆದು ಕೂರಿಸಿದೆ’ ಎಂಬ ವಿವರಣೆಯಲ್ಲಿ. ಆಡುಮಾತಿನ ‘ನರ’ದಲ್ಲಿ ರಕ್ತನಾಳವೂ ಬಂತು, ನಿಜವಾದ ನರವೂ ಬಂತು, ಸ್ನಾಯುವನ್ನು ಎಲುಬಿಗೆ ಬಿಗಿಯುವ ಹುರಿಯೂ ಬಂತು. ಪಠ್ಯದ ‘ಸ್ನಾಯುರಜ್ಜು’ ಯಾರ ಬಾಯಲ್ಲೂ ಇಲ್ಲ. ಮೂರಕ್ಕೂ ಒಂದೇ ಹೆಸರಾದ ಮೇಲೆ ಮೂರಕ್ಕೂ ಒಂದೇ ಮದ್ದು. ಸ್ನಾಯುವಿಗೆ ರಕ್ತ ಧಾರಾಳ, ಬೇಗ ಚೇತರಿಸಿಕೊಳ್ಳುತ್ತದೆ. ಹುರಿಗೆ ರಕ್ತ ಕಡಿಮೆ. ವರ್ಷಗಟ್ಟಲೆ ಜಗ್ಗಿಸಿಕೊಂಡ ಹುರಿಯಲ್ಲಿ ಕೊಲಾಜೆನ್ ಎಳೆಗಳ ಸಾಲೇ ಕೆಟ್ಟಿರುತ್ತದೆ. ಹಾಸಿನ ಎಳೆ ಸಿಕ್ಕಾದರೆ ಬಟ್ಟೆಯನ್ನು ಮೇಲಿಂದ ಉಜ್ಜಿ ಏನು ಬಂತು ಎಂದು ನೇಕಾರನಿಗೆ ನಾವು ಹೇಳಿಕೊಡಬೇಕೆ?

ಆಸ್ಪತ್ರೆಯ ವಿದ್ಯೆಯೂ ಇಲ್ಲಿ ಬೀಗುವಂತಿಲ್ಲ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಜೇಮ್ಸ್ ಸಿರಿಯಾಕ್ಸ್ ಹುರಿಯ ಎಳೆಗೆ ಅಡ್ಡಲಾಗಿ ಬೆರಳೂರಿ ಆಳಕ್ಕೆ ತಿಕ್ಕುವ ಪದ್ಧತಿಯನ್ನು ಕಳೆದ ಶತಮಾನದಲ್ಲಿ ಪ್ರಚಾರಕ್ಕೆ ತಂದರು. ಮೊಣಕೈ, ಮೊಣಕಾಲಿನ ಹೊರಬದಿಯ ನೋವಿಗೆ ಅದರಿಂದ ಫಲವುಂಟೇ ಎಂದು ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ತೂಗುವ ಕಾಕ್ರೇನ್ ಸಂಸ್ಥೆಯ 2014ರ ಪರಿಶೀಲನೆ ಹುಡುಕಿದಾಗ ಸಿಕ್ಕಿದ್ದು ಎರಡು ಅಧ್ಯಯನ, ಒಟ್ಟು 57 ಜನ. ಉಂಟು ಎನ್ನಲೂ ಸಾಲದು, ಇಲ್ಲ ಎನ್ನಲೂ ಸಾಲದು. ಸ್ವೀಡನ್ನಿನ ವೈದ್ಯ ಆಲ್ಫ್ರೆಡ್‌ಸನ್ 1998ರಲ್ಲಿ ಬೇರೆ ದಾರಿ ಹಿಡಿದರು: ಹಿಮ್ಮಡಿಯ ಹುರಿ ಕೆಟ್ಟಿದ್ದ 15 ಜನರಿಗೆ 12 ವಾರ, ದಿನಕ್ಕೆರಡು ಸಲ, ಭಾರ ಹೊತ್ತು ಹಿಮ್ಮಡಿ ಇಳಿಸುವ ವ್ಯಾಯಾಮ. ಹದಿನೈದೂ ಜನ ಮತ್ತೆ ಓಡಿದರು. ಇದೂ ಚಿಕ್ಕ ಲೆಕ್ಕವೇ. ಆದರೆ ಹುರಿಗೆ ಹದವರಿತ ಭಾರವೇ ಮದ್ದು ಎಂಬ ಮಾತು ಆಮೇಲೆ ಗಟ್ಟಿಯಾಗುತ್ತಲೇ ಬಂದಿದೆ.

ನೀವುವ ಕೈಯಲ್ಲಿ ಈ ‘ಆಮೇಲಿನ’ ಪಾಠವೇ ಇಲ್ಲ. ಸಂಜೆ ನೋವು ಇಳಿಯಿತೆಂದರೆ ಬೆಳಿಗ್ಗೆ ಅದೇ ಗುಂಡಿ, ಅದೇ ಹಗ್ಗ. ಕೂಲಿ ಸೀರೆಗೆ ಇಷ್ಟೆಂದು; ಭುಜಕ್ಕೆ ಬಿಡುವು ಕೊಟ್ಟ ದಿನಕ್ಕೆ ಕಾಸಿಲ್ಲ. ಹಾಗಾಗಿ ನೀವುವಿಕೆ ಚೆನ್ನಾಗಿ ಫಲಿಸಿದಷ್ಟೂ ಹುರಿ ಹೆಚ್ಚು ಸವೆಯುತ್ತದೆ.

ಸೊಂಟ ಬಿಗಿದರೆ ಧಾರಾಳವಾಗಿ ನೀವಿಸಿಕೊಳ್ಳಿ. ಆದರೆ ಬಿದ್ದು ಮೊಣಕೈ ಊದಿದ್ದರೆ ಯಾರಿಗೂ ಮುಟ್ಟಗೊಡಬೇಡಿ. ಆ ಪೆಟ್ಟಿನ ಮೇಲೆ ತಿಕ್ಕಿದರೆ ಸ್ನಾಯುವಿನೊಳಗೇ ಎಲುಬು ಬೆಳೆದು ಕೈ ಮಡಚಲಾಗದೆ ಉಳಿಯಬಹುದು. ಮೊದಲು ಎಕ್ಸ್‌ರೇ ತೆಗೆಸಿ.