ನಾಲೆ ನೀರು, ಬಿಸಿನೆಸ್ ಪ್ಲಾನು

ಅಪ್ಪನಿಗೆ ಸ್ಟ್ರೋಕ್ ಆದಮೇಲೆ, ತಿಂಗಳಲ್ಲಿ ಹದಿನೈದು ದಿನ ಊರಿಂದಲೇ ಕೆಲಸ ಮಾಡ್ತೀನಿ ಅಂತ ಮ್ಯಾನೇಜರ್ ಹತ್ರ ಕೇಳ್ಕೊಂಡೆ. ಒಪ್ಪಿದರು. ಒಂದೇ ಕಂಡೀಷನ್ನು: ಆನ್‌ಕಾಲ್ ಇರೋ ವಾರ ಲೈನ್ ಹೋಗಬಾರದು. ಮೂರನೇ ವಾರಕ್ಕೇ ರಾತ್ರಿ ರಿಲೀಸ್ ಮಧ್ಯೆ ಲೈನ್ ಹೋಯ್ತು. ತಾರಸಿ ಮೇಲೆ ಮೊಬೈಲ್ ಹಾಟ್‌ಸ್ಪಾಟ್ ಹಿಡ್ಕೊಂಡು ಹೇಗೋ ರೋಲ್‌ಬ್ಯಾಕ್ ಮಾಡಿದೆ. ಬೆಳಿಗ್ಗೆ ಎದ್ದವನೇ ಮನೆ ಪ್ಲಾನ್ ಬಿಟ್ಟು ಬಿಸಿನೆಸ್ ಪ್ಲಾನಿಗೆ ಬದಲಾಯಿಸಿದೆ. ಬಿಲ್ಲು ಎರಡೂವರೆ ಪಟ್ಟಾಯ್ತು. ಎರಡು ತಿಂಗಳಿಗೆ ಮತ್ತೆ ಲೈನ್ ಹೋಯ್ತು, ಈ ಸಲ ಪೂರ್ತಿ ಎರಡು ದಿನ. ಬದಲಾಗಿದ್ದು ಇಷ್ಟೇ: ಕಸ್ಟಮರ್ ಕೇರ್‌ನವರು ನನ್ನನ್ನ ಈಗ 'ವ್ಯಾಲ್ಯೂಡ್ ಬಿಸಿನೆಸ್ ಕಸ್ಟಮರ್' ಅಂದರು.

ಹಾಗಾದ್ರೆ ನಾನು ದುಡ್ಡು ಕೊಟ್ಟು ಕೊಂಡಿದ್ದೇನು?

ನಮ್ಮೂರು ಮದ್ದೂರು ತಾಲ್ಲೂಕು, ವಿ.ಸಿ. ನಾಲೆಯ ಕೊನೆಭಾಗ. ನೀರು ಹಂಚಿಕೆ ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮೇಲಿನವರು ತೂಬು ತೆಗೆದರೆ ನಮಗೆ ಬರೋದು ಕೆಸರು. ಮನೆ ಇಂಟರ್ನೆಟ್ಟೂ ನಾಲೆ ನೀರೇ. ಸಾಮಾನ್ಯವಾಗಿ ಮನೆಗೆ ಬರೋ ಫೈಬರ್ ಜಿಪಾನ್ ಅನ್ನೋ ತಂತ್ರಜ್ಞಾನದ್ದು. ಒಂದು ಪೋರ್ಟಿನಿಂದ ಹೊರಡೋ ಸುಮಾರು 2.5 ಜಿಬಿಪಿಎಸ್ 32 ಅಥವಾ 64 ಮನೆಗೆ ಹಂಚಿಹೋಗತ್ತೆ. 64 ಮನೆಯವರೂ ಒಟ್ಟಿಗೆ ಎಳೆದರೆ ತಲೆಗೆ ಬರೋದು 40 ಎಂಬಿಪಿಎಸ್ ಒಳಗೇ. ಅಪ್‌ಲೋಡಿಗೆ ಇರೋದು ಅದರ ಅರ್ಧ, 1.25 ಜಿಬಿಪಿಎಸ್. ಎಲ್ಲರೂ ಒಟ್ಟಿಗೆ ಎಳೆಯಲ್ಲ ಅನ್ನೋ ನಂಬಿಕೆ ಮೇಲೆ ನಮಗೆಲ್ಲ 200, 300 ಅಂತ ಮಾರ್ತಾರೆ. ಇದರಲ್ಲಿ ಮೋಸ ಇಲ್ಲ. ಹೀಗೆ ಹಂಚಿಕೊಳ್ಳೋದ್ರಿಂದಲೇ ನಮಗೆ ಅಗ್ಗ ಬೀಳೋದು.

ಇದಕ್ಕೆ ಎದುರು, ಸ್ವಂತ ಬೋರ್‌ವೆಲ್ ಇದ್ದ ಹಾಗೆ, ಲೀಸ್ಡ್ ಲೈನ್. 50 ಅಂದ್ರೆ ಬರೋಕೂ 50, ಹೋಗೋಕೂ 50, ಯಾರ ಜೊತೆಗೂ ಹಂಚಿಕೆ ಇಲ್ಲ. ಬೆಲೆಯೂ ಬೋರ್‌ವೆಲ್ ಕೊರೆಸಿದ ಹಾಗೇ ಇರತ್ತೆ. ನನ್ನ ತಕರಾರು ಇರೋದು ಇವೆರಡರ ನಡುವೆ ಕೂತಿರೋ 'ಬಿಸಿನೆಸ್ ಬ್ರಾಡ್‌ಬ್ಯಾಂಡ್' ಬಗ್ಗೆ. ಎಷ್ಟೋ ಕಡೆ ಇದು ಅದೇ ಜಿಪಾನ್, ಅದೇ ಕಂಬ, ಅದೇ ಹೊಂಗೆಮರಕ್ಕೆ ಸುತ್ತಿದ ಅದೇ ಕೇಬಲ್. ಹೆಸರು ಮಾತ್ರ ಬೋರ್‌ವೆಲ್ಲು, ನೀರು ನಾಲೇದೇ.

'ಎಸ್‌ಎಲ್‌ಎ ಇದೆಯಲ್ಲ ಸರ್' ಅಂತಾರೆ. ಆ ಕಾಗದವನ್ನ ನಾನು ಓದಿದ್ದು ಲೈನ್ ಹೋದಮೇಲೆ, ನನ್ನದೂ ತಪ್ಪಿದೆ. 99.5 ಪರ್ಸೆಂಟ್ ಅಪ್‌ಟೈಮ್ ಅಂತಿತ್ತು. ಕೇಳೋಕೆ ಚೆನ್ನಾಗಿದೆ. ಲೆಕ್ಕ ಹಾಕಿ: 30 ದಿನದಲ್ಲಿ 3 ಗಂಟೆ 36 ನಿಮಿಷ ಹೋಗಬಹುದು, ಅದೂ ನಿಮ್ಮ ರಿಲೀಸ್ ರಾತ್ರಿಯೇ. ನನ್ನ ಎರಡು ದಿನಕ್ಕೆ ಆ ತಿಂಗಳ ಅಪ್‌ಟೈಮ್ 93 ಚಿಲ್ಲರೆಗೆ ಇಳಿದಿತ್ತು. ಆದರೆ ಕೆಳಗೆ ಸಣ್ಣಕ್ಷರದಲ್ಲಿ, ಫೈಬರ್ ಕಟ್, ಕರೆಂಟ್ ಹೋಗೋದು, ರಸ್ತೆ ಕಾಮಗಾರಿ ಇವ್ಯಾವುದೂ ಲೆಕ್ಕಕ್ಕಿಲ್ಲ ಅಂತಿತ್ತು. ನಮ್ಮ ಕಡೆ ಲೈನ್ ಹೋಗೋಕೆ ಬೇರೆ ಕಾರಣ ಯಾವುದಿದೆ ಹೇಳಿ? ಲೆಕ್ಕಕ್ಕೆ ಬಂದಿದ್ದರೂ ಸಿಗ್ತಿದ್ದದ್ದು ಎರಡು ದಿನದ ಬಾಡಿಗೆ ವಾಪಸ್ಸು. ನನಗೆ ಬೇಕಿದ್ದದ್ದು ಲೈನು, ಚಿಲ್ಲರೆ ಅಲ್ಲ.

ಬಿಸಿನೆಸ್ ಪ್ಲಾನ್ ಯಾರಿಗೂ ಬೇಡ ಅಂತ ಅಲ್ಲ. ಸ್ಟ್ಯಾಟಿಕ್ ಐಪಿ ನಿಜಕ್ಕೂ ಬೇಕಾದವರಿದ್ದಾರೆ. ಐಪಿವಿ4ರಲ್ಲಿ ಇರೋದೇ ಸುಮಾರು 430 ಕೋಟಿ ವಿಳಾಸ. ಸಾಲದೆ ಬಂದಿದ್ದಕ್ಕೆ ಎಷ್ಟೋ ಕಂಪನಿಗಳು ಹಲವು ಮನೆಗಳನ್ನ ಒಂದೇ ವಿಳಾಸದ ಹಿಂದೆ ಕೂರಿಸಿವೆ. ಹೊರಗಿನಿಂದ ನಿಮ್ಮ ಮನೆ ಸರ್ವರಿಗೋ ಕ್ಯಾಮೆರಾ ರೆಕಾರ್ಡರಿಗೋ ನೇರವಾಗಿ ಬರಬೇಕು ಅಂದ್ರೆ ಅಲ್ಲಿ ಕಷ್ಟ. ಕ್ಲೈಂಟ್ ಕಡೆಯವರು 'ಒಂದೇ ಐಪಿ ಕೊಡಿ, ಫೈರ್‌ವಾಲಲ್ಲಿ ಹಾಕ್ತೀವಿ' ಅಂದಾಗಲೂ ಬೇಕಾಗತ್ತೆ. ಆದರೆ ಕೆಲವು ಕಡೆ ಮನೆ ಪ್ಲಾನಿಗೇ ಸ್ವಲ್ಪ ಹೆಚ್ಚು ಕೊಟ್ಟರೆ ಅದು ಸಿಗತ್ತೆ, ಮೊದಲು ಕೇಳಿ. ಜಿಎಸ್‌ಟಿ ನೋಂದಣಿ ಇರೋ ಫ್ರೀಲ್ಯಾನ್ಸರ್ ಆದರೆ ಬಿಲ್ಲಿನ 18 ಪರ್ಸೆಂಟ್ ತೆರಿಗೆಯನ್ನ ಇನ್‌ಪುಟ್ ಕ್ರೆಡಿಟ್ ಆಗಿ ತಗೋಬಹುದು. ನನ್ನಂಥ ಸಂಬಳದವನಿಗೆ ಆ ಲಾಭವೂ ಇಲ್ಲ. ಕಂಪನಿ ವಿಪಿಎನ್‌ಗೆ ನಾವೇ ಹೊರಗೆ ಹೋಗಿ ಸೇರ್ಕೊಳ್ಳೋದು, ಅದಕ್ಕೆ ಸ್ಟ್ಯಾಟಿಕ್ ಐಪಿ ಬೇಕಿಲ್ಲ.

ನಮ್ಮಪ್ಪ ಇಡೀ ಜೀವನ ನಾಲೆ ಒಂದನ್ನೇ ನಂಬಿ ಕಬ್ಬು ಹಾಕಿದವರಲ್ಲ. ಹಿತ್ತಲಿನ ಬಾವಿಗೆ ಒಂದು ಸಣ್ಣ ಮೋಟಾರ್ ಇಟ್ಟಿದ್ದರು. ನಾನು ಕೊನೆಗೆ ಮಾಡಿದ್ದೂ ಅದನ್ನೇ. ಬಿಸಿನೆಸ್ ಪ್ಲಾನ್ ಬಿಟ್ಟು ಮನೆ ಪ್ಲಾನಿಗೆ ವಾಪಸ್ ಬಂದೆ. ಉಳಿದ ದುಡ್ಡಲ್ಲಿ ಬೇರೆ ಕಂಪನಿಯ 5ಜಿ ಡಬ್ಬಿ ಹಾಕಿಸಿದೆ. ರೂಟರಿಗೂ ಫೈಬರ್ ಡಬ್ಬಿಗೂ 12 ವೋಲ್ಟಿನ ಪುಟ್ಟ ಯುಪಿಎಸ್ ಇಟ್ಟೆ. ಒಂದೊಂದು ಲೈನೂ ನೂರರಲ್ಲಿ ಒಂದು ಗಂಟೆ ಹೋಗತ್ತೆ ಅಂತಿಟ್ಟುಕೊಂಡರೆ, ಎರಡೂ ಒಟ್ಟಿಗೆ ಹೋಗೋದು ಹತ್ತು ಸಾವಿರದಲ್ಲಿ ಒಂದು ಗಂಟೆ. ಆದರೆ ಎರಡೂ ಬೇರೆ ಬೇರೆ ದಾರೀಲಿ ಬರ್ತಿದ್ದರೆ ಮಾತ್ರ ಈ ಲೆಕ್ಕ. ಬೆಂಗಳೂರಲ್ಲಿ ಎರಡು ಕಂಪನಿಯ ಫೈಬರ್ ಹಾಕಿಸಿ, ಎರಡೂ ಒಂದೇ ಮರದ ಕೊಂಬೆ ಮೇಲಿದ್ದರೆ, ಕೊಂಬೆ ಮುರಿದ ದಿನ ಎರಡೂ ಹೋಗ್ತವೆ. ಹಾಕಿಸೋಕೆ ಮುಂಚೆ ಹೊರಗೆ ಹೋಗಿ ತಲೆ ಎತ್ತಿ ಕೇಬಲ್ ಎಲ್ಲಿಂದ ಬರ್ತಿದೆ ನೋಡಿ. ಬ್ರೋಷರ್ ಓದೋದಕ್ಕಿಂತ ಅದು ಉಪಯೋಗ.

ಬಿಸಿನೆಸ್ ಪ್ಲಾನ್ ಮಾರೋಕೆ ಬಂದವರಿಗೆ ಮೂರು ಪ್ರಶ್ನೆ ಕೇಳಿ. ಕೇಬಲ್ ಬೇರೆಯೋ ಅದೇನೋ? ಎಷ್ಟು ಗಂಟೇಲಿ ರಿಪೇರಿ, ಬರೆದು ಕೊಡ್ತೀರಾ? ಫೈಬರ್ ಕಟ್ ಆದ್ರೆ ಆ ಹೊತ್ತು ಲೆಕ್ಕಕ್ಕಿದೆಯಾ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕಿದ್ರೆ ಖಂಡಿತ ತಗೊಳ್ಳಿ. ನನಗೆ ಸಿಗಲಿಲ್ಲ.

ಹೋದ ವಾರ ಆನ್‌ಕಾಲ್ ಇತ್ತು, ಫೈಬರ್ ಮತ್ತೆ ಹೋಯ್ತು. ಕಾಲ್ ಒಂದು ನಿಮಿಷ ತಡವರಿಸಿ 5ಜಿಗೆ ಹೊರಳಿತು, ಟೀಮಿನವರಿಗೆ ಗೊತ್ತೂ ಆಗಲಿಲ್ಲ. ಕಾಲ್ ಮುಗಿಸಿ ಅಪ್ಪನನ್ನ ಕೈಹಿಡಿದು ಅಂಗಳದಲ್ಲಿ ನಡೆಸಿದೆ. ದಿನಕ್ಕೆ ಎರಡು ಸಲ ನಡೆಸಬೇಕು ಅಂತ ಡಾಕ್ಟರ್ ಹೇಳಿದ್ದಾರೆ.